ಗಂಗೆಗೆ ಕೊಟ್ಟದ್ದು, ಗಂಗೆ ಕೊಟ್ಟದ್ದು

ಒಂದು ಕಣ್ಣು, ಅರ್ಧ ಮೂಗು, ಹಿಂದಲೆಯ ಕೂದಲಿನ ನಾಲ್ಕು ಗೆರೆ. ಅರಸನ ಮುಖದಲ್ಲಿ ಉಳಿದಿರುವುದು ಇಷ್ಟೇ. ಕೆನ್ನೆ ಇರಬೇಕಾದ ಜಾಗದಲ್ಲಿ ಮೂರು ಕಮಾನುಗಳ ಒಂದು ಗುಡ್ಡವಿದೆ. ಅದರ ಕೆಳಗೆ ಹಾವಿನಂತೆ ಹರಿಯುವ ಒಂದು ಗೆರೆ. ಇದೆಲ್ಲ ನನ್ನ ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಬೆಳ್ಳಿ ನಾಣ್ಯದ ಮೇಲಿದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಥ ಅನುಭವಗಳನ್ನು ಹೇಳುವವರನ್ನು ನಾನು ನಂಬಿದವಳಲ್ಲ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಗೆಜ್ಜೆ ಸಪ್ಪಳ ಕೇಳಿತೆಂದಾಗ, ಎಷ್ಟು ಸೆಕೆಂಡು ಕೇಳಿತು, ಬೇರೆ ಯಾರಿಗೆ ಕೇಳಿತು ಎಂದು ಕೇಳಿದ್ದೆ. ಆಮೇಲೆ ನನಗೆ ಅಂಥ ಕಥೆಗಳನ್ನು ಯಾರೂ ಹೇಳಲಿಲ್ಲ. ಸಂಭಾಜಿನಗರದಲ್ಲಿ ಭೌತಶಾಸ್ತ್ರ ಓದಿ, ಈಗ ನಾಶಿಕ್‌ನ ಸಾತಪುರದಲ್ಲಿ ಅಳತೆ ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಾರ್ಖಾನೆಗಳವರು ತಮ್ಮ ಗೇಜು, ತೂಕದ ಬಟ್ಟುಗಳನ್ನು ಕಳಿಸುತ್ತಾರೆ. ಅವು ಎಷ್ಟು ಸರಿ, ಎಷ್ಟು ತಪ್ಪು ಎಂದು ನಾವು ಬರೆದುಕೊಡುತ್ತೇವೆ. ಒಂದೇ ಸಲ ತೂಗಿ ಬಂದ ಅಂಕಿಯನ್ನು ನಂಬಬಾರದೆಂಬುದು ಅಲ್ಲಿಯ ಮೊದಲ ಪಾಠ. ಬಂದ ಅಂಕಿ ಇಷ್ಟವಾಗಲಿಲ್ಲವೆಂದು ಅಳಿಸಬಾರದೆಂಬುದು ಎರಡನೆಯದು.

ನಾಣ್ಯ ಕೂಡಿಸಲು ತೊಡಗಿದ್ದು ಕೆಲಸಕ್ಕೆ ಸೇರಿದ ವರ್ಷ. ಸಿಕ್ಕಿದ್ದೆಲ್ಲ ಡಬ್ಬಿಗೆ ತುಂಬುವುದು ನನಗೆ ಆಗದ ಮಾತು. ಆದ್ದರಿಂದ ನನ್ನದೇ ನಿಯಮಗಳನ್ನು ಮಾಡಿಕೊಂಡೆ. ನಾಶಿಕ್‌ನಿಂದ ದೇವಗಿರಿಯವರೆಗಿನ ಈ ನೆಲವನ್ನು ಆಳಿದವರ ನಾಣ್ಯಗಳು ಮಾತ್ರ. ಹನ್ನೆರಡಕ್ಕಿಂತ ಹೆಚ್ಚು ಬೇಡ. ಎಲ್ಲಿಂದ ಬಂತೆಂದು ತಿಳಿಯದ್ದು ಬೇಡ. ತೊಳೆದು ಹೊಳಪು ಕೊಟ್ಟದ್ದು ಬೇಡವೇ ಬೇಡ, ಯಾಕೆಂದರೆ ಹಳೆಯ ಬೆಳ್ಳಿಯ ಕಪ್ಪು ಅದರ ಚರ್ಮವಿದ್ದಂತೆ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಒಂದೊಂದು ನಾಣ್ಯಕ್ಕೂ ಒಂದೊಂದು ಕಾರ್ಡು, ಅದರಲ್ಲಿ ತೂಕ, ಅಗಲ, ಸಿಕ್ಕ ಜಾಗ. ಐದು ವರ್ಷದಲ್ಲಿ ಒಂಬತ್ತು ನಾಣ್ಯಗಳಾದವು.

ಒಂಬತ್ತನೆಯದೇ ಈ ಅರಸನದು. ಕ್ಷತ್ರಪರ ನಾಣ್ಯ. ಶಾತವಾಹನರು ಅವರನ್ನು ಸೋಲಿಸಿದ ಮೇಲೆ ನಾಣ್ಯಗಳನ್ನು ಕರಗಿಸುವ ಗೋಜಿಗೆ ಹೋಗದೆ, ಸೋತವನ ಮುಖದ ಮೇಲೆಯೇ ತಮ್ಮ ಗುಡ್ಡದ ಮುದ್ರೆಯನ್ನು ಬಡಿದರು. ಬಡಿದವರ ಕೈ ಸ್ವಲ್ಪ ಸರಿದಿರಬೇಕು. ಕಣ್ಣು ಉಳಿದುಕೊಂಡಿತು. ಅದಕ್ಕಾಗಿಯೇ ನಾನು ಇದನ್ನು ಆರಿಸಿಕೊಂಡೆ.

ಇದು ಸಿಕ್ಕಿದ್ದು ಬೇಸಿಗೆಯಲ್ಲಿ, ಗೋದಾವರಿಯ ನೀರು ಇಳಿದಾಗ. ನಾಶಿಕ್‌ನ ಘಾಟಿನ ಬಳಿ ಮರಳು ಜಾಲಿಸಿ, ಭಕ್ತರು ನದಿಗೆ ಹಾಕಿದ ಚಿಲ್ಲರೆಯನ್ನು ಹೆಕ್ಕುವ ಹೆಂಗಸರಿದ್ದಾರೆ. ಅವರಲ್ಲೊಬ್ಬರು ಸೆರಗಿನ ಗಂಟು ಬಿಚ್ಚಿ ಇದನ್ನು ತೋರಿಸಿದರು. ಎಲ್ಲಿಯದೆಂದು ಕೇಳಿದೆ. "ಗಂಗೇನಂ ದಿಲಂಯ" ಎಂದರು. ನಾಶಿಕ್‌ನವರಿಗೆ ಗೋದಾವರಿಯೇ ಗಂಗೆ. ಗಂಗೆ ಕೊಟ್ಟದ್ದು ಎಂದು ಆ ಮಾತಿನ ಅರ್ಥ.

ಎಡವಟ್ಟಾದದ್ದು ಇಲ್ಲಿ. ನಮ್ಮ ಮನೆತನ ಬೀದರ ಕಡೆಯದು. ಕನ್ನಡ ಓದಲು, ಬರೆಯಲು ಅಪ್ಪ ಕಲಿಸಿದರು, ಆದರೆ ಮರಾಠಿ ಓಣಿಯಲ್ಲಿ ಬೆಳೆದ ನನ್ನ ನಾಲಿಗೆಗೆ ಕನ್ನಡದ ವಿಭಕ್ತಿಗಳು ಇಂದಿಗೂ ಕೈಕೊಡುತ್ತವೆ. ಅಂದು ಸಂಜೆ ಸಂಭಾಜಿನಗರದಲ್ಲಿರುವ ಸೋದರತ್ತೆಗೆ ಫೋನಿನಲ್ಲಿ ಹಿಗ್ಗಿನಿಂದ ಹೇಳುವಾಗ, "ಗಂಗಿ ಕೊಟ್ಟದ್ದರಿ" ಅನ್ನುವ ಬದಲು "ಗಂಗಿಗೆ ಕೊಟ್ಟದ್ದರಿ" ಅಂದುಬಿಟ್ಟೆ. ಒಂದೇ ಅಕ್ಷರ ಹೆಚ್ಚು. ಯಾರೋ ಹರಕೆ ಹೊತ್ತು ನದಿಗೆ ಕೊಟ್ಟದ್ದನ್ನು ನಾನು ಮನೆಗೆ ತಂದಿದ್ದೇನೆ ಎಂದು ಅತ್ತೆಗೆ ಅರ್ಥವಾಯಿತು. ಆಮೇಲೆ ಎಷ್ಟು ತಿದ್ದಿದರೂ ಕೇಳಲಿಲ್ಲ. "ಮೊದಲ ಬಾಯಿಗೆ ಬಂದದ್ದೇ ಖರೆ," ಎಂದರು.

ಶ್ರಾವಣದಲ್ಲಿ ನನಗೆ ಬಂದಿದ್ದ ಪುಣೆಯ ಸಂಬಂಧವೊಂದು ಮುರಿಯಿತು. ಮುರಿದವಳು ನಾನೇ. ಕಾರಣ ಆ ಹುಡುಗನಿಗೂ ನನಗೂ ಗೊತ್ತು, ಇಲ್ಲಿ ಬೇಡ. ದಸರೆಯ ಹೊತ್ತಿಗೆ ಅಪ್ಪ ಸ್ಕೂಟರಿನಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಅತ್ತೆಯ ಲೆಕ್ಕದಲ್ಲಿ ಎರಡಕ್ಕೂ ಕಾರಣ ನನ್ನ ಒಂಬತ್ತನೆಯ ನಾಣ್ಯ. ನಾನು ಒಬ್ಬಳೇ ನಾಶಿಕ್‌ನಲ್ಲಿ ಕೋಣೆ ಮಾಡಿಕೊಂಡಿರುವುದು, ಮದುವೆಗೆ ಒಪ್ಪದಿರುವುದು, ಎಲ್ಲವೂ ಆ ನಾಣ್ಯಕ್ಕೆ ಬಂದು ಅಂಟಿಕೊಂಡವು. ಅತ್ತೆ ಹೇಳುತ್ತಿದ್ದಂತೆ ಅದನ್ನು ನದಿಗೆ ಹಾಕಿದರೆ ಉಳಿದವುಗಳಲ್ಲೂ ನಾನು ಸೋತಂತೆ. ಇದು ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

ದೀಪಾವಳಿಗೆ ಸಂಭಾಜಿನಗರಕ್ಕೆ, ಅಪ್ಪನ ಮನೆಗೆ ಹೋದೆ. ನಾಣ್ಯಗಳನ್ನು ಬಾಡಿಗೆ ಕೋಣೆಯಲ್ಲಿ ಬಿಡುವುದಿಲ್ಲವಾದ್ದರಿಂದ ಅವೂ ಜೊತೆಗಿದ್ದವು, ಅಂಗೈ ಅಗಲದ ಎಲೆಕ್ಟ್ರಾನಿಕ್ ತಕ್ಕಡಿಯೂ. ಲಕ್ಷ್ಮೀಪೂಜೆಯ ದಿನ ಮಧ್ಯಾಹ್ನ ಹೂ ತರಲು ಹೋಗಿ ಬರುವಷ್ಟರಲ್ಲಿ, ಅತ್ತೆ ಪೂಜೆಗೆ ಇಡುವ ಬೆಳ್ಳಿಯನ್ನೆಲ್ಲ ತಿಕ್ಕಲು ಕುಳಿತಿದ್ದರು. ಅವ್ವ ತೀರಿಹೋದಾಗಿನಿಂದ ನಮ್ಮ ಮನೆಯ ಹಬ್ಬ ನಡೆಸುವವರು ಅವರೇ. ಹುಣಸೆಹುಳಿಯ ಬಟ್ಟಲಲ್ಲಿ ಕುಂಕುಮ ಭರಣಿ, ದೀಪದ ಸಮೆ, ಅವುಗಳ ನಡುವೆ ನನ್ನ ಪೆಟ್ಟಿಗೆಯಿಂದ ತೆಗೆದ ಅರಸ.

"ಅತ್ತಿ, ಅದನ್ಯಾಕ ತೊಳದ್ರಿ?"

"ಕರ್ರಗ ಹೊಲಸು ಹಿಡದಿತ್ತು ತಂಗಿ. ಲಕ್ಷ್ಮಿ ಮುಂದ ಹಂಗs ಇಡ್ತಾರೇನ?"

"ಎರಡು ಸಾವಿರ ವರ್ಷದ ಕರಿ ಅದು."

"ಎರಡು ಸಾವಿರ ವರ್ಷದಿಂದ ಯಾರೂ ತೊಳದಿಲ್ಲ ಅಂತ ಹೇಳ್ಕೋಳಾಕ ನಾಚಿಕಿ ಬರಂಗಿಲ್ಲೇನ ನಿನಗ?" ಎಂದು ಅದನ್ನು ಬಟ್ಟೆಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. "ಇವತ್ತ ಲಕ್ಷ್ಮಿ ಮುಂದಿಟ್ಟು ತಪ್ಪಾತಂತ ಕೇಳ್ಕೋಳೂಣು, ಪೂಜಾ ಮುಗೀಲಿ. ನಾಳಿ ನಾಶಿಕ್‌ಗೆ ಹೋದಕೂಡಲೇ ಗಂಗಿಗೆ ಹಾಕು. ಕೊಟ್ಟದ್ದು ಹೊಳ್ಳಿ ಇಸ್ಕೊಂಡ ಮನಿ ಉದ್ಧಾರ ಆಗಂಗಿಲ್ಲ. ನಿಮ್ಮಪ್ಪನ ಕೈ ನೋಡು."

ನಾನು ಜಗಳವಾಡಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡೆ. ಹುಳಿ ಎಷ್ಟು ಬೆಳ್ಳಿಯನ್ನು ತಿಂದಿದೆ ಎಂದು ತಿಳಿಯಬೇಕಿತ್ತು. ಕಾರ್ಡಿನಲ್ಲಿದ್ದ ತೂಕ ೨.೦೬ ಗ್ರಾಂ. ಒಂದೆರಡು ಅಂಕಿ ಕಡಿಮೆ ಬರುತ್ತದೆಂದುಕೊಂಡು ನಾಣ್ಯವನ್ನು ತಕ್ಕಡಿಯ ಮೇಲಿಟ್ಟೆ. ೨.೩೭ ತೋರಿಸಿತು.

ಹೆಚ್ಚಾಗಿತ್ತು. ಒದ್ದೆ ಇರಬಹುದೆಂದು ಎತ್ತಿದೆ. ತಟ್ಟೆಯ ಮೇಲೆ ನಾಣ್ಯದಷ್ಟೇ ಅಗಲದ ನೀರಿನ ಗುರುತು. ನಾಣ್ಯವನ್ನೂ ತಟ್ಟೆಯನ್ನೂ ಹತ್ತಿಯ ಬಟ್ಟೆಯಿಂದ ಒರೆಸಿ ಮತ್ತೆ ಇಟ್ಟೆ. ೨.೩೭. ಎತ್ತಿದರೆ ಮತ್ತೆ ನೀರಿನ ಗುರುತು. ಒರೆಸಿದ ನೀರಿನಷ್ಟಾದರೂ ತೂಕ ಇಳಿಯಬೇಕಿತ್ತು, ಇಳಿಯಲಿಲ್ಲ. ತಕ್ಕಡಿಯ ಬ್ಯಾಟರಿ ಬದಲಿಸಿದೆ. ಜೊತೆಗಿಡುವ ಹತ್ತು ಗ್ರಾಮಿನ ಬಟ್ಟು ಇಟ್ಟೆ, ಹತ್ತೇ ತೋರಿಸಿತು. ಉಳಿದ ಎಂಟು ನಾಣ್ಯಗಳನ್ನು ಒಂದೊಂದಾಗಿ ತೂಗಿದೆ. ಎಂಟೂ ತಮ್ಮ ಕಾರ್ಡಿನಲ್ಲಿದ್ದಂತೆಯೇ ಇದ್ದವು. ಕೊನೆಗೆ ಮತ್ತೆ ಅರಸನನ್ನಿಟ್ಟೆ. ೨.೩೭.

ತಟ್ಟೆಯ ಮೇಲಿನ ನೀರನ್ನು ಬೆರಳಿಗೆ ಹಚ್ಚಿ ಮೂಸಿದೆ. ಹುಣಸೆಹುಳಿಯ ವಾಸನೆ ಇರಲಿಲ್ಲ. ಬೇಸಿಗೆಯಲ್ಲಿ ಘಾಟಿನ ಮೆಟ್ಟಿಲುಗಳ ಬಳಿ ಇರುವ, ಕೊಳೆತ ಚೆಂಡುಹೂವು ಮತ್ತು ಕೆಸರು ಬೆರೆತ ವಾಸನೆ ಇತ್ತು. ಮೂಗನ್ನು ನಾನು ಸಾಕ್ಷಿಯಾಗಿ ಒಪ್ಪುವುದಿಲ್ಲ, ಮೂಗಿಗೆ ಅಂಕಿ ಇಲ್ಲ. ಆದರೂ ಇದ್ದದ್ದನ್ನು ಬರೆಯುತ್ತಿದ್ದೇನೆ.

ಅಪ್ಪನನ್ನು ಕರೆದೆ. ಏನೂ ಹೇಳದೆ, ನಾಣ್ಯವನ್ನು ಒರೆಸಿ ಅವರ ಎದುರು ಇಟ್ಟು, ಓದಿ ಎಂದೆ. ಅವರು ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಬಗ್ಗಿದರು. "ಎರಡು ಪಾಯಿಂಟ್ ಮೂರು ಏಳು," ಎಂದರು. ಕಾರ್ಡು ತೋರಿಸಿದೆ. ಸುಮಾರು ಹೊತ್ತು ನೋಡಿ, ದನಿ ತಗ್ಗಿಸಿ ಹೇಳಿದರು: "ಬೇಟಾ, ಇದನ್ನ ಅಕ್ಕಗ ಹೇಳಬ್ಯಾಡ."

ಅವರ ಕಾಳಜಿ ನನಗೆ ಅರ್ಥವಾಯಿತು. ಹೇಳಿದರೆ ಅತ್ತೆಯ ಮಾತೇ ಗೆದ್ದಂತೆ. ಹೇಳದಿದ್ದರೆ, ಬೇಡವಾದ ಅಂಕಿಯನ್ನು ಅಳಿಸಿದವಳು ನಾನಾಗುತ್ತೇನೆ. ಅಷ್ಟೇ ಅಲ್ಲ, ತೊಳೆದ ನಾಣ್ಯ ನನಗೆ ಬೇಡವೆಂಬುದು ನನ್ನದೇ ನಿಯಮ. ಅತ್ತೆಯ ಶಾಸ್ತ್ರದ ಪ್ರಕಾರವೂ, ನನ್ನ ಶಾಸ್ತ್ರದ ಪ್ರಕಾರವೂ ಅದು ನನ್ನ ಪೆಟ್ಟಿಗೆಯಲ್ಲಿ ಇರುವಂತಿರಲಿಲ್ಲ. ಪೂಜೆಗೆ ಅದನ್ನು ಹೊರಗೆ ಕೊಡಲಿಲ್ಲ. ಒಣ ಬಟ್ಟೆಯಲ್ಲಿ ಸುತ್ತಿ ನನ್ನ ಬಳಿಯೇ ಇಟ್ಟುಕೊಂಡೆ. ಅತ್ತೆ ಎರಡು ಸಲ ಕೇಳಿದರು, ಎರಡು ಸಲವೂ ಆಗುವುದಿಲ್ಲ ಎಂದೆ.

ಆಮೇಲೆ ಇದನ್ನು ಎಷ್ಟು ಬಗೆಯಲ್ಲಿ ಯೋಚಿಸಿಲ್ಲ! ಹಳೆಯ ಬೆಳ್ಳಿಯೊಳಗೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ನೀರು ಹೀರಿರಬಹುದು ಎಂದು ಲ್ಯಾಬಿನ ಹಿರಿಯರೊಬ್ಬರು ಹೇಳಿದರು. ಬೇರೆ ಯಾರದೋ ನಾಣ್ಯದ ಕಥೆಯೆಂದು ಅವರಿಗೆ ಹೇಳಿದ್ದೆ. ಆದರೆ ಲೆಕ್ಕ ಕೂಡುವುದಿಲ್ಲ. ಎರಡು ಗ್ರಾಂ ಬೆಳ್ಳಿ ಆಕ್ರಮಿಸುವ ಜಾಗ ಮಿಲಿಲೀಟರಿನ ಐದನೆಯ ಒಂದು ಪಾಲು. ಹೆಚ್ಚಾದ ತೂಕ ನೀರಿನದಾಗಿದ್ದರೆ ಅದಕ್ಕೆ ಇಡೀ ನಾಣ್ಯದ ಒಂದೂವರೆ ಪಟ್ಟು ಜಾಗ ಬೇಕು. ನಾಣ್ಯವೆಲ್ಲ ಟೊಳ್ಳಾಗಿ ಬರೀ ನೀರೇ ತುಂಬಿಕೊಂಡಿದ್ದರೂ ಅಷ್ಟು ಹಿಡಿಸದು. ತಕ್ಕಡಿಯ ದೋಷವೆಂದರೆ, ಅದು ಉಳಿದ ಎಂಟಕ್ಕೆ ಯಾಕೆ ಸರಿಯಾಗಿ ತೂಗಿತು? ನನ್ನ ಕಣ್ಣಿನ ಭ್ರಮೆಯೆಂದರೆ, ಅಪ್ಪ ಓದಿದ್ದೇನು? ನನ್ನ ಬಳಿ ಉತ್ತರವಿಲ್ಲ. ಉತ್ತರವಿಲ್ಲ ಎನ್ನುವುದು ಅತ್ತೆಯ ಉತ್ತರಕ್ಕೆ ಒಪ್ಪಿಗೆ ಕೊಟ್ಟಂತೆ ಎಂದು ಯಾರಾದರೂ ತಿಳಿದರೆ ಅದಕ್ಕೂ ನನ್ನ ಒಪ್ಪಿಗೆ ಇಲ್ಲ. ತಿಳಿಯದ್ದನ್ನು ತಿಳಿಯದ್ದೆಂದು ಇಟ್ಟುಕೊಳ್ಳುವ ಹಕ್ಕು ನನಗಿದೆ.

ಮರುದಿನ ಪಾಡವಾ, ಅಂದರೆ ಬಲಿಪಾಡ್ಯಮಿ. ಬೆಳಿಗ್ಗೆ ಸ್ನಾನ ಮುಗಿಸಿ ಮೊದಲು ತೂಗಿದೆ. ೨.೦೪. ಹುಳಿ ತಿಂದದ್ದು ಎರಡು ಅಂಕಿ, ನಾನು ಮೊದಲು ಊಹಿಸಿದ್ದಷ್ಟೇ. ತಟ್ಟೆ ಒಣಗಿತ್ತು. ಆಗಲೂ ಸುಮ್ಮನಿರಬಹುದಿತ್ತು. ಅತ್ತೆ ಫರಾಳದ, ಹಬ್ಬದ ತಿಂಡಿಯ, ತಟ್ಟೆಗಳನ್ನು ಹಚ್ಚುತ್ತಿದ್ದರು. ಎದುರಿಗೆ ಕುಳಿತು, ಹಿಂದಿನ ದಿನ ಕಂಡದ್ದನ್ನೆಲ್ಲ, ಅಂಕಿ, ನೀರು, ವಾಸನೆ ಒಂದನ್ನೂ ಬಿಡದೆ ಹೇಳಿದೆ. ಅಪ್ಪ ತಲೆ ಎತ್ತಲಿಲ್ಲ.

ಅತ್ತೆ ನಾನು ಎಣಿಸಿದಂತೆ ಗೆದ್ದವರ ಹಾಗೆ ನೋಡಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ಮತ್ತ, ಈಗರೆ ಗಂಗಿಗೆ ಹಾಕ್ತೀಯಿಲ್ಲೋ?"

"ಇಲ್ರಿ."

"ಅಂಜಿಕಿ ಇಲ್ಲೇನ ತಂಗಿ ನಿನಗ?"

"ಅಂಜಿಕಿ ಅದರಿ. ಆದ್ರೂ ಹಾಕಂಗಿಲ್ಲ."

ಅತ್ತೆ ನನ್ನ ತಟ್ಟೆಗೆ ಎರಡು ಕರ್ಜಿಕಾಯಿ ಹಾಕಿ, "ಉಪಾಸ ಹೋಗಬ್ಯಾಡ," ಎಂದರು. ಎರಡನ್ನೂ ತಿಂದೆ. ನಾಣ್ಯವನ್ನು ಉಳಿದ ಎಂಟರ ಪೆಟ್ಟಿಗೆಯಲ್ಲಲ್ಲ, ಕೈಚೀಲದ ಒಳಜೇಬಿನಲ್ಲಿಟ್ಟು ಜಿಪ್ ಎಳೆದು, ಇಬ್ಬರ ಕಾಲಿಗೂ ನಮಸ್ಕರಿಸಿ, ಹತ್ತೂವರೆಯ ಬಸ್ಸಿಗೆ ನಾಶಿಕ್‌ಗೆ ಹೊರಟೆ.