ಕತ್ತರಿಯಣ್ಣ ಮತ್ತು ಹೊರಗೆ ನಿಂತ ಸದಸ್ಯ

ಕತ್ತರಿಯಣ್ಣನ ವಿಷಯ ನಾನು ಮೊದಲು ಕೇಳಿದ್ದು ನಮ್ಮ ಯಜಮಾನರ ಬಾಯಿಂದ. ಅವರು ಶಾಲಾ ಸಮಿತಿಯ ಕಚೇರಿಯಲ್ಲಿ ಜವಾನರಾಗಿದ್ದರು. ಸಭೆಯ ದಿನ ಕುರ್ಚಿ ಹಾಕುವುದು, ಚಹ ಹಂಚುವುದು, ಮುಗಿದ ಮೇಲೆ ಗುಡಿಸಿ ಬೀಗ ಹಾಕುವುದು ಅವರ ಕೆಲಸ. ಆ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ನಗಲು ಶುರುಮಾಡಿದರು.

“ಏನ್ರೀ ಅದು, ಒಬ್ಬರೇ ನಗ್ತಿದೀರಿ?”

“ಅಲ್ಲ ಕಣೇ, ಮೂಲೆ ಕಟಿಂಗ್ ಅಂಗಡಿಯವನು ಇವತ್ತು ಸಭೇಲಿ ಎದ್ದು ನಿಂತುಬಿಟ್ಟ! ಸಾರ್ವಜನಿಕರು ಏನಾದ್ರೂ ಹೇಳೋದಿದೆಯಾ ಅಂತ ಅಧ್ಯಕ್ಷರು ಪ್ರತಿ ಸಲ ಬಾಯಿಮಾತಿಗೆ ಕೇಳ್ತಾರೆ. ಯಾರೂ ಉಸಿರೆತ್ತಲ್ಲ. ಇವನು ಎದ್ದೇಬಿಟ್ಟ.”

“ಏನಂದ?”

“ಮಕ್ಕಳು ಕುಡಿಯೋ ನೀರಿನ ತೊಟ್ಟಿಗೆ ಮುಚ್ಚಳ ಇಲ್ಲ ಅಂದ. ಅಧ್ಯಕ್ಷರು ‘ಕೇಳಿಸಿಕೊಂಡೆವು’ ಅಂದ್ರು. ಕೂತ್ಕೊಂಡ.”

“ಅದರಲ್ಲಿ ನಗೋದೇನಿದೆ?”

“ಮುಂದಿನ ತಿಂಗಳೂ ಬರ್ತೀನಿ ಅಂದ ಕಣೇ!”

ಬಂದ. ಅದರ ಮುಂದಿನ ತಿಂಗಳೂ ಬಂದ. ಸಭೆಯ ಕೊನೆಯಲ್ಲಿ ಊರಿನವರು ಮಾತಾಡಬಹುದು ಎಂದು ನಿಯಮವಿತ್ತು. ಅದಕ್ಕೆ ಉತ್ತರ ಕೊಡಬೇಕು ಎಂದು ಎಲ್ಲೂ ಇರಲಿಲ್ಲ. ಹಾಗಾಗಿ ಯಾರು ಏನೇ ಹೇಳಲಿ, ಅಧ್ಯಕ್ಷರು ತಲೆ ಬಗ್ಗಿಸಿಕೊಂಡೇ “ಕೇಳಿಸಿಕೊಂಡೆವು” ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಸಿಕ್ಕಿತು. ಆಗಲೇ ನಾನು ಆತನನ್ನು ಹತ್ತಿರದಿಂದ ನೋಡಿದ್ದು. ಉದ್ದಕ್ಕೆ, ಸಣ್ಣಗೆ ಇದ್ದ. ಅಂಗಿಯ ಜೇಬಿನಲ್ಲಿ ಬಾಚಣಿಗೆ, ಮೈಯೆಲ್ಲ ಶೇವಿಂಗ್ ಸೋಪಿನ ವಾಸನೆ. ಮಕ್ಕಳು ಕತ್ತರಿ ಮಾಮ ಎನ್ನುತ್ತಿದ್ದರು, ದೊಡ್ಡವರಿಗೆ ಕತ್ತರಿಯಣ್ಣ. ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿರುತ್ತಿದ್ದ. ಒಮ್ಮೆ ನಾನೇ ಲೋಟ ಹಿಡಿದು ಹತ್ತಿರ ಹೋದೆ.

“ಕತ್ತರಿಯಣ್ಣ, ನಿಮಗೂ ಒಂದು ಲೋಟ ಕೊಡ್ಲಾ?”

“ಬೇಡ ಅಕ್ಕ. ಇಲ್ಲಿ ಚಹ ಕುಡಿದವರಿಗೆಲ್ಲ ಗಂಟಲು ಕಟ್ಕೊಂಡಿದೆ. ಯಾರಿಗೂ ಮಾತೇ ಹೊರಡಲ್ಲ ನೋಡಿ.”

ನಾನು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದೆ.

ಆತನ ಮಗಳು ತೀರಿಕೊಂಡಿದ್ದಳು. ಅಳಿಯ ಬೇರೆ ಮದುವೆಯಾಗಿ ಈ ಕಡೆ ತಲೆ ಹಾಕಲಿಲ್ಲ. ಮೊಮ್ಮಗಳು ಅಜ್ಜನ ಜೊತೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳೆದಳು. ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಸಣ್ಣವಳಿದ್ದಾಗ ಬೇಕಾದದ್ದು ಹೇಳಲು ಬಾರದೆ ಕಂಡಕಂಡವರನ್ನು ಕಚ್ಚುತ್ತಿದ್ದಳು, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನಮ್ಮ ಹಳೆಯ ಶಾಲೆಯ ಜಗಲಿಯ ಕೊನೆಗೆ ಒಂದು ಕೋಣೆ ಇತ್ತು. ಅಲ್ಲಿ ಒಬ್ಬ ಟೀಚರಮ್ಮ ಇಂಥ ಮಕ್ಕಳನ್ನು ಕೂರಿಸಿಕೊಂಡು ಕೈಮಾತು ಕಲಿಸುತ್ತಿದ್ದರು. ಅಲ್ಲಿಗೆ ಸೇರಿದ ಮೇಲೆ ಮಗು ಬೇರೆಯೇ ಆಯಿತು. ಕೈ ಸುಮ್ಮನಿದ್ದದ್ದೇ ಇಲ್ಲ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಯ ಎದುರು ನಿಂತು ಏನೇನೋ ಹೇಳುತ್ತಿದ್ದಳು.

“ಏನಂತೆ ಕತ್ತರಿಯಣ್ಣ ಇವಳದ್ದು?” ಎಂದು ಒಮ್ಮೆ ನಾನು ಕೇಳಿದೆ.

“ಈ ಯಪ್ಪನ ಮೂಗಲ್ಲಿ ಕೂದಲಿದೆ, ಅದನ್ನೂ ತೆಗಿ ಅಂತಾಳೆ,” ಎಂದು ಆತ ನಗುತ್ತಲೇ ಕಣ್ಣೊರೆಸಿಕೊಂಡ.

ಅಜ್ಜನೂ ಅವಳಿಂದಲೇ ಕೈಮಾತು ಕಲಿತ. ತಪ್ಪು ಮಾಡಿದರೆ ಮೊಣಕೈಗೆ ಒಂದು ಏಟು ಬೀಳುತ್ತಿತ್ತು.

ಆಮೇಲೆ ಹೊಸ ಕಟ್ಟಡದ ಮಾತು ಬಂತು. ಹಳೆಯ ಶಾಲೆಯನ್ನು ಮುಚ್ಚಿ ಹೆದ್ದಾರಿಯ ಪಕ್ಕ ದೊಡ್ಡದು ಕಟ್ಟುವುದು ಎಂದು. ಜಾಗ ಸಮಿತಿಯ ಸದಸ್ಯರೊಬ್ಬರ ಭಾವಮೈದುನನದು, ಇಟ್ಟಿಗೆ ಆ ಸದಸ್ಯರ ಗೂಡಿನದೇ. ಊರವರು ಅವರನ್ನು ಇಟ್ಟಿಗೆ ಯಜಮಾನರು ಎನ್ನುತ್ತಿದ್ದರು. ಹೊಸ ಕಟ್ಟಡದಲ್ಲಿ ಕೈಮಾತಿನ ಕೋಣೆ ಇರಲಿಲ್ಲ. ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ ಕೂರಬೇಕು, ಭೇದ ಮಾಡಬಾರದು, ಈಗಿನ ನೀತಿ ಇದೇ ಎಂದು ಅಧ್ಯಕ್ಷರು ಹೇಳಿದರು. ಕೇಳಲು ಎಷ್ಟು ಚೆನ್ನಾಗಿತ್ತು! ಜನ ಚಪ್ಪಾಳೆ ಹೊಡೆದರು. ಟೀಚರಮ್ಮನನ್ನು ಏನು ಮಾಡುತ್ತೀರಿ ಎಂದು ಕೇಳಿದವನು ಕತ್ತರಿಯಣ್ಣ ಒಬ್ಬನೇ.

“ಕೇಳಿಸಿಕೊಂಡೆವು.”

ಅಂಗಡಿಯಲ್ಲಿ ಇದೇ ಚರ್ಚೆ. “ಅಲ್ಲ ಮಾರಾಯ, ಬೆರಳೆಣಿಕೆ ಮಕ್ಕಳಿಗೋಸ್ಕರ ಊರಿನ ಮಕ್ಕಳೆಲ್ಲ ಸೋರೋ ಸೂರಿನ ಕೆಳಗೆ ಕೂರಬೇಕಾ?” ಎಂದು ಒಬ್ಬರು. “ಯಾರ ಜಾಗ ಆದ್ರೆ ನಮಗೇನು, ಕಟ್ಟಡ ಬಂದ್ರೆ ಸಾಕು,” ಎಂದು ಇನ್ನೊಬ್ಬರು. ಅವರದ್ದೂ ತಪ್ಪೆಂದು ನಾನು ಹೇಳಲಾರೆ. ಹಳೆಯ ಶಾಲೆ ಮಳೆ ಬಂದರೆ ನಿಜವಾಗಿಯೂ ಸೋರುತ್ತಿತ್ತು.

ಸಮಿತಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಒಳ್ಳೆಯವರು, ಹೆದರುಪುಕ್ಕರು. ಒಂದು ದಿನ ಕ್ಷೌರಕ್ಕೆ ಕೂತವರು ಕತ್ತರಿಯಣ್ಣನ ಕೈ ಹಿಡಿದು ಹೇಳಿದರಂತೆ, “ನೋಡಪ್ಪ, ಆ ಇಟ್ಟಿಗೆಯವನು ಎದುರಿಗೇ ಕೂತಿದ್ರೆ ನಮ್ಮ ಬಾಯಿಗೆ ಬೀಗ ಬೀಳುತ್ತೆ. ತನಗೆ ಲಾಭ ಇರೋ ವಿಷಯ ಬಂದ್ರೆ ಸದಸ್ಯ ಎದ್ದು ಹೊರಗೆ ಹೋಗಬೇಕು ಅಂತ ನಿಯಮ ಇದೆ. ಅವನನ್ನ ಹೊರಗೆ ಕಳಿಸು. ಆಮೇಲೆ ನಮ್ಮ ಕೈ ಎತ್ತ ಹೋಗುತ್ತೆ ನೋಡು.”

ಆ ನಿಯಮ ಯಾರಿಗೆ ಗೊತ್ತಿರಲಿಲ್ಲ? ಪ್ರತಿ ಹೊಸ ಸಮಿತಿ ಬಂದಾಗ ಅಧ್ಯಕ್ಷರೇ ಗಟ್ಟಿಯಾಗಿ ಓದುತ್ತಿದ್ದರು, ಓದಿ ಚಹ ಕುಡಿಯುತ್ತಿದ್ದರು. ಆದರೆ ಕತ್ತರಿಯಣ್ಣ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಕೋಣೆಯ ಮಾತು ಬಿಟ್ಟ, ಟೀಚರಮ್ಮನ ಮಾತು ಬಿಟ್ಟ. ಸಭೆ ಸಭೆಗೂ ಒಂದೇ ಹಟ: “ಇಟ್ಟಿಗೆ ಯಜಮಾನರು ಎದ್ದು ಹೊರಗೆ ಹೋಗಲಿ.”

“ಅಷ್ಟೇ ಸಾಕಾ ಕತ್ತರಿಯಣ್ಣ?” ಎಂದೆ ನಾನು.

“ಸಾಕು ಅಕ್ಕ. ಮನುಷ್ಯರು ಕೆಟ್ಟವರಲ್ಲ. ಹೆದರ್ತಾರೆ ಅಷ್ಟೇ. ಆ ಒಂದು ಕುರ್ಚಿ ಖಾಲಿಯಾದ್ರೆ ಮಿಕ್ಕವರೆಲ್ಲ ನಮ್ಮವರೇ.”

ತೀರ್ಮಾನದ ದಿನ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು ಕೂತಿದ್ದರು. ಕತ್ತರಿಯಣ್ಣ ಸಭೆಯ ಕೊನೆಗೆ ಕಾಯದೆ ಮೊದಲೇ ಎದ್ದು ತನ್ನ ಮಾತು ಹೇಳಿದ. ಅಧ್ಯಕ್ಷರು ಅಧಿಕಾರಿಯ ಮುಖ ನೋಡಿದರು, ಇಟ್ಟಿಗೆ ಯಜಮಾನರ ಮುಖ ನೋಡಿದರು. ಯಜಮಾನರು ತಾವಾಗಿಯೇ ಎದ್ದರು. ಎಲ್ಲರಿಗೂ ಕೈಮುಗಿದು, ಶಲ್ಯ ಸರಿಮಾಡಿಕೊಂಡು ನಡೆದರು. ಕತ್ತರಿಯಣ್ಣನ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಯಜಮಾನರು ದೂರ ಹೋಗಲಿಲ್ಲ. ಜಗಲಿಯಲ್ಲಿ, ತೆರೆದ ಕಿಟಕಿಯ ಪಕ್ಕ ನಿಂತರು. ನಾನು ಅವರಿಗೂ ಚಹ ಒಯ್ದೆ.

“ಸಕ್ಕರೆ ಸ್ವಲ್ಪ ಜಾಸ್ತಿ ಹಾಕಮ್ಮ,” ಎಂದು ನಕ್ಕರು. “ಇವತ್ತು ನಾನು ಹೊರಗಿನವನು.”

ಒಳಗೆ ಅಧ್ಯಕ್ಷರು, “ಹೊಸ ಕಟ್ಟಡಕ್ಕೆ ಒಪ್ಪಿಗೆ ಇದ್ದವರು ಕೈ ಎತ್ತಿ,” ಎಂದರು. ಕೈಗಳು ಮೇಲೆದ್ದವು. ಮೇಷ್ಟ್ರ ಕೈ ಸ್ವಲ್ಪ ತಡವಾಗಿ ಎದ್ದಿತು, ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಅದನ್ನೂ ಒಪ್ಪಿಗೆ ಎಂದೇ ಲೆಕ್ಕ ಹಿಡಿದರು. ಯಜಮಾನರು ಲೋಟ ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಸಭೆ ಬಹಳ ಶಿಸ್ತಾಗಿ ನಡೆಯಿತು ಎಂದು ಅಧಿಕಾರಿ ಹೊಗಳಿದರು.

ಅಲ್ಲಿಂದಾಚೆಗೆ ಯಾರಾದರೂ ಆ ಜಾಗದ ಬಗ್ಗೆ ಕೊಂಕು ತೆಗೆದರೆ ಅಧ್ಯಕ್ಷರ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು: “ಅವರು ಎದ್ದು ಹೊರಗೆ ಹೋಗಿದ್ದರಲ್ಲ, ಇನ್ನೇನು ಬೇಕು?” ಇಷ್ಟು ಕಾಲ ಯಜಮಾನರ ಮೇಲೆ ಒಂದು ಅನುಮಾನವಾದರೂ ಇತ್ತು. ಅದನ್ನೂ ಕತ್ತರಿಯಣ್ಣನೇ ತೊಳೆದು ಕೊಟ್ಟ ಹಾಗಾಯಿತು.

ಮೇಷ್ಟ್ರು ಮತ್ತೆ ಕ್ಷೌರಕ್ಕೆ ಬಂದರಂತೆ. “ಕಿಟಕಿ ತೆರೆದೇ ಇತ್ತಲ್ಲಪ್ಪ,” ಎಂದರಂತೆ. ಕತ್ತರಿಯಣ್ಣ ಗಲ್ಲಕ್ಕೆ ಒಂದು ಗೀರೂ ಬೀಳದಂತೆ ಕೆಲಸ ಮುಗಿಸಿ ಕನ್ನಡಿ ತೋರಿಸಿದನಂತೆ.

ಹೊಸ ಶಾಲೆಯಲ್ಲಿ ಮಗುವನ್ನು ಕೊನೆಯ ಬೆಂಚಿಗೆ ಹಾಕಿದರು. ಟೀಚರಮ್ಮನನ್ನು ಬೇರೆ ಊರಿಗೆ ಕಳಿಸಿದರು. ಕೈಮಾತಿನ ಕೋಣೆಯ ಜೊತೆಯ ಮಕ್ಕಳಲ್ಲಿ ಕೆಲವರು ಊರು ಬಿಟ್ಟರು, ಕೆಲವರು ಮನೆಯಲ್ಲೇ ಉಳಿದರು. ಅವಳು ಕೈ ಆಡಿಸಿದರೆ ಪಕ್ಕದ ಮಕ್ಕಳು ಅಣಕಿಸುತ್ತಿದ್ದರು. ಮೊದಲು ಅವಳ ಕೈ ಶಾಲೆಯಲ್ಲಿ ನಿಂತಿತು, ಆಮೇಲೆ ಮನೆಯಲ್ಲೂ ನಿಂತಿತು. ಕೊನೆಗೆ ಶಾಲೆಗೇ ಹೋಗಲೊಲ್ಲೆ ಎಂದು ಅಂಗಡಿಯಲ್ಲಿ ಕೂದಲು ಗುಡಿಸಿಕೊಂಡು ಕೂತಳು.

ಕತ್ತರಿಯಣ್ಣ ಸಭೆಗೆ ಬರುವುದು ಬಿಡಲಿಲ್ಲ. ಒಂದು ಸಲ ಎದ್ದು ನಿಂತವನು ಬಾಯಿ ತೆರೆಯಲೇ ಇಲ್ಲ. ಎರಡೂ ಕೈ ಎತ್ತಿ, ಮೊಮ್ಮಗಳ ಹಾಗೆ, ಬೆರಳುಗಳಲ್ಲೇ ಏನೋ ಹೇಳಿದ. ಬಹಳ ಹೊತ್ತು ಹೇಳಿದ. ಅಧ್ಯಕ್ಷರು ಕಾಗದ ಜೋಡಿಸಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.

“ಕೇಳಿಸಿಕೊಂಡೆವು,” ಎಂದರು.

ಆಮೇಲೆ ಆತ ಸಭೆಗೆ ಬರಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಅಂಗಡಿಯ ಬಾಗಿಲು ಮುಚ್ಚಿತು. ನಾನು ಊಟ ಒಯ್ದು ಕೊಡುತ್ತಿದ್ದೆ. ಮಾತು ತೊದಲುತ್ತಿತ್ತು, ಕಿವಿಗೊಟ್ಟರೆ ಅರ್ಥವಾಗುತ್ತಿತ್ತು. ಆದರೆ ಮಗುವಿನ ಜೊತೆ ಆಡುವ ಮಾತು ಬಾಯಿಯದಲ್ಲವಲ್ಲ. ಎಡಗೈ ಒಂದರಲ್ಲೇ ಏನೋ ಹೇಳುವನು. ಅವಳು ಸ್ವಲ್ಪ ಹೊತ್ತು ನೋಡಿ, ತಿಳಿಯದೆ ಮುಖ ತಿರುಗಿಸುವಳು.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಸನ್ನೆ ಮಾಡಿ ಕರೆದ. “ಅಕ್ಕ, ಅವಳನ್ನ ಮತ್ತೆ ಶಾಲೆಗೆ ಹೋಗು ಅಂತ ಹೇಳಬೇಕು.”

“ಅಲ್ಲಿ ಅವಳಿಗೆ ಏನಿದೆ ಕತ್ತರಿಯಣ್ಣ?”

“ಏನೂ ಇಲ್ಲ. ಇನ್ನು ಸ್ವಲ್ಪ ದಿನಕ್ಕೆ ಇಲ್ಲೂ ಯಾರೂ ಇರಲ್ಲ. ಅಲ್ಲಿ ಅಣಕಿಸೋಕಾದ್ರೂ ನಾಲ್ಕು ಮಕ್ಕಳಿರ್ತವೆ.”

ಮಗು ಮಂಚದ ಕಾಲ ಬಳಿ ನಿಂತು ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿತ್ತು.

“ಈ ಬಲಗಡೆ ಬಂದು ಕೂತ್ಕೊಳ್ಳಿ ಅಕ್ಕ,” ಎಂದ ಆತ. “ಶಾಲೆ ಅನ್ನೋಕೆ ಎರಡು ಕೈ ಬೇಕು. ನಿಮ್ದೊಂದು ಕೊಡಿ.”