ಬೀಗಿತ್ತಿಯ ವೀಸಾ

ಹೊನ್ನಾಳಿಯ ಸಂತೆಮೈದಾನದ ಹಿಂದೆ ಹಾಸಿಗೆ ಹೊಲಿಯುವ ಖಮರುನ್ನೀಸಾಳಿಗೆ ಮಾತು ಕಡಿಮೆ, ಆಡಿದರೆ ಖಡಕ್. ಪಿಂಜಾರರ ಮನೆಯಾದ್ದರಿಂದ ಮಾತೆಲ್ಲ ಕನ್ನಡವೇ. ಗಂಡ ತೀರಿಕೊಂಡ ಮೇಲೆ ಹತ್ತಿ ತುಂಬಿ ತುಂಬಿಯೇ ಮನೆ ಕಟ್ಟಿಸಿ, ಮಗ ಮುಜೀಬನನ್ನು ಐಟಿಐ ಓದಿಸಿ ಕತಾರಿಗೆ ಕಳಿಸಿದ್ದಳು. ಅಲ್ಲಿ ಏಸಿ ರಿಪೇರಿ ಮಾಡುತ್ತಿದ್ದ ಅವನು, ಕೀನ್ಯಾದ ಮೊಂಬಾಸಾದಿಂದ ದುಡಿಯಲು ಬಂದಿದ್ದ ರುಕಿಯಾಳನ್ನು ಮೆಚ್ಚಿ ನಿಕಾಹ್ ಮಾಡಿಕೊಂಡ. ಸುದ್ದಿ ಕೇಳಿದ ತಾಯಿ ಬಹಳ ದಿನ ಮಗನ ಫೋನ್ ಎತ್ತಲಿಲ್ಲ.

ಗಂಡಹೆಂಡತಿ ಕೆಲಸ ಬಿಟ್ಟು ಊರಿಗೇ ಬಂದಾಗ ಬಾಗಿಲು ತೆರೆದಳು, ಅಷ್ಟೇ. ರುಕಿಯಾ ಮಾತ್ರ ಸುಮ್ಮನೆ ಕೂರುವವಳಲ್ಲ. ಕನ್ನಡ ಕಲಿತಳು, ಅತ್ತೆಯ ಪಕ್ಕ ಕೂತು ಸೂಜಿ ಹಿಡಿದಳು. ಬಸುರಿಯಾದಾಗ ಅವಳಿಗೆ ತಾಯಿ ಫಾತುಮಾ ಹತ್ತಿರವಿರಬೇಕೆನಿಸಿತು.

ವೀಸಾಕ್ಕೆ ಇಲ್ಲಿಂದ ಆಹ್ವಾನಪತ್ರ ಕೇಳಿದರು. ಮನೆ ಖಮರುನ್ನೀಸಾಳ ಹೆಸರಲ್ಲಿದ್ದುದರಿಂದ ರುಜು ಅವಳದೇ ಆಗಬೇಕಿತ್ತು. ಮುಜೀಬ್ ಓದಿ ಹೇಳಿದ: ‘ಇವರು ನನಗೆ ಪರಿಚಿತರು. ನನ್ನ ಮನೆಯಲ್ಲಿ ಇರುತ್ತಾರೆ. ಇವರ ಜವಾಬ್ದಾರಿ ನನ್ನದು.’

“ಪರಿಚಯ ಎಲ್ಲೈತಪ್ಪ? ಮುಖಾನೇ ನೋಡಿಲ್ಲ. ಸುಳ್ಳಿಗೆ ಸೈನ್ ಹಾಕಾಕೆ ಆಗಲ್ಲ,” ಎಂದಳು ಖಮರುನ್ನೀಸಾ.

ರುಕಿಯಾ ಅಲ್ಲೇ ವಿಡಿಯೊ ಕಾಲ್ ಹಚ್ಚಿದಳು. ಹೂವಿನ ಚಿತ್ತಾರದ ಬಟ್ಟೆ ಹೊದ್ದ ದಪ್ಪನೆಯ ಹೆಂಗಸು ಕಾಣಿಸಿಕೊಂಡಳು. ಸಲಾಮು, ಊಟ, ಮಳೆ, ಎಲ್ಲ ವಿಚಾರಿಸಿದ್ದಾಯಿತು. ಆಮೇಲೆ ಫಾತುಮಾ ಏನೋ ಕೇಳಿದಳು. ರುಕಿಯಾ ತಲೆ ತಗ್ಗಿಸಿದಳು.

“ಏನಂತಾಳೆ, ಹೇಳು.”

“ನಿಕಾಹ್ ದಿನ ಫೋನಲ್ಲೂ ಒಂದು ಮಾತು ಆಡ್ಲಿಲ್ಲ ಯಾಕೆ ಅಂತ ಕೇಳ್ತಾರೆ, ಅಮ್ಮಿ.”

“ಸಿಟ್ಟಿತ್ತು ಅಂತ ಹೇಳು.”

ಆ ಕಡೆಯಿಂದ ಉತ್ತರ ತಕ್ಷಣ ಬಂತು. “ಅವ್ರಿಗೂ ಇತ್ತಂತೆ. ಇನ್ನೂ ಸ್ವಲ್ಪ ಐತಂತೆ,” ಎಂದಳು ರುಕಿಯಾ.

ಖಮರುನ್ನೀಸಾ ಬಿದ್ದುಬಿದ್ದು ನಕ್ಕಳು. “ಇಲ್ಲಿಗೇ ಬಂದು ಜಗಳ ಆಡ್ಲಿ ಬಿಡು. ಕೊಡಪ್ಪ ಪೆನ್ನು.”

ಆದರೆ ವೀಸಾಕ್ಕಿಂತ ಮೊದಲು ಕೂಸೇ ಬಂತು. ಹೆರಿಗೆ ಕೋಣೆಯಲ್ಲಿ ಖಮರುನ್ನೀಸಾಳೇ ನಿಂತಳು. ನೋವಿನಲ್ಲಿ ರುಕಿಯಾ ತನ್ನ ಭಾಷೆಯಲ್ಲೇ ಅತ್ತಳು. ಅದರಲ್ಲಿ ‘ಮಾಮಾ’ ಎಂಬುದೊಂದೇ ಅತ್ತೆಗೆ ತಿಳಿದದ್ದು. “ಬರ್ತಾಳೆ, ಬರ್ತಾಳೆ,” ಎನ್ನುತ್ತ ಬೆನ್ನು ನೀವಿದಳು.

ಮೊಮ್ಮಗಳು ಕತ್ತು ನಿಲ್ಲಿಸುವ ಹೊತ್ತಿಗೆ ಫಾತುಮಾ ಬಂದಿಳಿದಳು. ವಿದೇಶದವರು ಮನೆಯಲ್ಲಿ ತಂಗಿದರೆ ಪೊಲೀಸರಿಗೆ ತಿಳಿಸಬೇಕೆಂದು ಖಮರುನ್ನೀಸಾ ಅವಳನ್ನೂ ಕರೆದುಕೊಂಡು ಠಾಣೆಗೆ ಹೋದಳು.

“ನಿಮಗೇನಾಗ್ಬೇಕ್ರಿ ಇವ್ರು? ಗೆಳತಿ ಅಂತ ಹಾಕ್ಲೇನು?” ಕಾನ್‌ಸ್ಟೆಬಲ್ ಕೆಂಚೇಶ್ ಕೇಳಿದ.

“ಗೆಳತಿ ಹೆಂಗಾಗ್ತಾಳ್ರಿ? ಬೀಗಿತ್ತಿ. ಹಂಗೇ ಬರೀರಿ.”

ಜಗಳ ನಿಜಕ್ಕೂ ಆಯಿತು, ಅದೂ ಕೂಸಿನ ಸ್ನಾನದ ವಿಷಯಕ್ಕೆ. ಇವಳು ಬಿಸಿಬಿಸಿ ನೀರು ಹುಯ್ಯುವಳು, ಅವಳು ಚೊಂಬು ಕಿತ್ತುಕೊಂಡು ತಣ್ಣೀರು ಬೆರೆಸುವಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಬೈದಾಡಿದರು. ರುಕಿಯಾ ಯಾರ ಮಾತನ್ನೂ ಅನುವಾದಿಸಲಿಲ್ಲ. ಸಂಜೆ ಮಾತ್ರ ಇಬ್ಬರೂ ಕೂಸನ್ನು ನಡುವೆ ಮಲಗಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. ಅಕ್ಕಪಕ್ಕದವರೂ ಬಂದು ಕೂರತೊಡಗಿದರು.

ಅವಧಿ ಮುಗಿದು ಫಾತುಮಾ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಗಟ್ಟಿಯಾಗಿ ಅತ್ತಳು. ಖಮರುನ್ನೀಸಾ ಅವಳ ಕೈ ಹಿಡಿದು ನಿಂತಳು. ಬಸ್ಸು ಹೊರಡುವಾಗ, ಜೊತೆಗೆ ಹೊರಟ ಮುಜೀಬನಿಗೆ ಕೂಗಿ ಹೇಳಿದಳು: “ಕಿಟಕಿ ಪಕ್ಕ ಕೂರಿಸೋ, ಅವಳಿಗೆ ಬಸ್ಸು ಆಗಲ್ಲ!”