ಹೊಟ್ಟೆಯ ಮೇಲೆ ಒಂದು ಲಿಂಬೆಹಣ್ಣು

ಶಿರಸಿಗೆ ಹೊರಟವಳು ಕಾನಸೂರಿನಲ್ಲಿ ಇಳಿದದ್ದು ಈ ಉಸಿರಾಟದ ತರಗತಿಗಾಗಿಯೇ. ನಿದ್ದೆಯಿಲ್ಲದ ನಾನು ಎರಡು ವರ್ಷದಿಂದ ಮೊಬೈಲ್ ನೋಡಿಕೊಂಡು ಇದನ್ನೇ ಅಭ್ಯಾಸ ಮಾಡುತ್ತಿದ್ದೇನೆ. ಸಭಾಭವನದಲ್ಲಿ ಹತ್ತಾರು ಜನ ಚಾಪೆಯ ಮೇಲೆ ಅಂಗಾತ ಮಲಗಿದ್ದೆವು. ಹೇಳಿಕೊಡುವ ಮೇಡಂ ಒಬ್ಬೊಬ್ಬರ ಹೊಟ್ಟೆಯ ಮೇಲೂ ಒಂದೊಂದು ಲಿಂಬೆಹಣ್ಣು ಇಟ್ಟರು. "ಮೆಲ್ಲಗೆ ಎಳ್ಕೊಳ್ಳಿ, ಇನ್ನೂ ಮೆಲ್ಲಗೆ ಬಿಡಿ. ಹಣ್ಣು ಬೀಳಬಾರದು."

ತಡವಾಗಿ ಬಂದು ಪಕ್ಕದಲ್ಲಿ ಮಲಗಿ, ತಮ್ಮ ಹೊಟ್ಟೆಯ ಮೇಲೂ ಒಂದು ಹಣ್ಣು ಇಡಿಸಿಕೊಂಡ ಊರಿನ ಅಜ್ಜಿಯೊಬ್ಬರು ಕೇಳಿದರು: "ಎಂತ ಮಾಡವು ತಂಗೀ? ಆನು ಇವತ್ತೇ ಮೊದಲು ಬಂದಿದ್ದು."

ಏನು ಮಾಡಬೇಕೆಂದು ನಾನು ದೊಡ್ಡ ಪಂಡಿತೆಯಂತೆ ವಿವರಿಸಿದೆ.

"ಅಷ್ಟೇಯಾ?" ಎಂದು ಕಣ್ಣು ಮುಚ್ಚಿದರು.

ಐದು ನಿಮಿಷ ಆಗಿರಲಿಲ್ಲ, ಅವರ ಹಣ್ಣು ಹೊಳೆಯ ಮೇಲಿನ ದೋಣಿಯಂತೆ ಏರಿ ಇಳಿಯುತ್ತಿತ್ತು. ಸಣ್ಣ ಗೊರಕೆಯೂ ಶುರುವಾಯಿತು. "ನೋಡಿ, ಹೀಗಿರಬೇಕು" ಎಂದು ಮೇಡಂ ಪಿಸುಗುಟ್ಟಿದ್ದು ಅವರನ್ನು ತೋರಿಸಿ. ಆ ಗೊರಕೆಯನ್ನು ಕಿತ್ತುಕೊಂಡು ಓಡಿಹೋಗಬೇಕು ಅನ್ನಿಸಿತು ನನಗೆ. ಅಷ್ಟು ಮತ್ಸರ. ಉಸಿರು ತಪ್ಪಿತು, ನನ್ನ ಹಣ್ಣು ಜಾರಿ, ಉರುಳಿ, ಅಜ್ಜಿಯ ಕೈಗೆ ತಾಗಿತು.

ಅವರು ಕಣ್ಣು ಬಿಡಲಿಲ್ಲ. ನಿದ್ದೆಗಣ್ಣಲ್ಲೇ ಅದನ್ನೆತ್ತಿ ತಮ್ಮ ಹಣ್ಣಿನ ಪಕ್ಕದಲ್ಲಿ ಇಟ್ಟುಕೊಂಡರು.

ಎರಡೂ ಜೊತೆಯಾಗಿ ಏರಿದವು, ಇಳಿದವು. ನನ್ನ ಹೊಟ್ಟೆಯ ಮೇಲೆ ಅದು ಒಮ್ಮೆಯೂ ಅಷ್ಟು ನೆಮ್ಮದಿಯಾಗಿ ಕೂತಿರಲಿಲ್ಲ.